ಹಗ್ಗಕ್ಕೆ ಧಣಿಯಿಲ್ಲದ ಬಾವಿ

"ಗುರುಗಳೇ, ಕೊಡುವವನು ನಾನು. ನನ್ನ ಕೈಯಾರೆ ಕೊಡುವುದು ಬಿಟ್ಟು ಊರಿನ ಒಟ್ಟು ನಿಧಿಗೆ ಯಾಕೆ ಹಾಕಬೇಕು?" ಎಂದು ಶಿಷ್ಯ ಸಂಕಣ್ಣ ಕೇಳಿದ.

ಅವನಿಗೆ ಆಗಷ್ಟೇ ಸೋದರಮಾವನ ಆಸ್ತಿ ಬಂದಿತ್ತು. ಅದರಲ್ಲಿ ಒಂದು ಪಾಲು ತೆಗೆದು ತನ್ನ ಹೆಸರಿನಲ್ಲಿ ಮಂಟಪ ಕಟ್ಟಿಸುವ ಆಸೆ. ಊರಿನ ಹಿರಿಯರು ಮಾತ್ರ, ಎಲ್ಲರೂ ಸೇರಿ ಇಟ್ಟಿರುವ ನಿಧಿಗೆ ಕೊಡಪ್ಪ ಎಂದಿದ್ದರು. ಮರುದಿನ ಅವನು ಉತ್ತರ ಹೇಳಬೇಕಿತ್ತು.

ಗುರುಗಳು ನಕ್ಕರು. "ನಿನ್ನ ಮಂಟಪದಲ್ಲಿ ಯಾರು ಬಂದು ಕೂರಬೇಕು ಅಂತ ಯೋಚನೆ ಮಾಡಿದ್ದೀಯಾ? ಇಲ್ಲ ತಾನೆ? ಸರಿ, ಕೇಳು. ನಡುವೆ ಬಾಯಿ ಹಾಕಬೇಡ."

ಒಂದು ಊರಿತ್ತು. ಅಲ್ಲಿಂದ ಸಂತೆಗೆ ಹೋಗುವ ದಾರಿ ಬರೀ ಬಯಲು. ಆ ದಾರಿಯಲ್ಲಿ ಒಬ್ಬ ಸಾಹುಕಾರ ಬಾವಿ ತೋಡಿಸಿ, ಕಲ್ಲಿನ ಮೇಲೆ ತನ್ನ ಹೆಸರು ಕೆತ್ತಿಸಿದ. ಅದನ್ನು ನೋಡಿ ಇನ್ನೊಬ್ಬನಿಗೆ ನಿದ್ದೆ ಹತ್ತಲಿಲ್ಲ. ಅವನೂ ತೋಡಿಸಿದ. ಆಮೇಲೆ ಮತ್ತೊಬ್ಬ. ಕೊನೆಗೆ ಒಬ್ಬ ಬೆಲ್ಲದ ವ್ಯಾಪಾರಿ ಎಲ್ಲರ ಬಾವಿಗಿಂತ ಆಳದ ಬಾವಿ ತೋಡಿಸಿದ. ಅವನ ಹೆಸರಿನ ಅಕ್ಷರಗಳೂ ಎಲ್ಲರದಕ್ಕಿಂತ ದಪ್ಪ. ನೀರು ಚೆನ್ನಾಗಿತ್ತು, ಇಲ್ಲ ಅನ್ನಬಾರದು. ಆದರೆ ಆ ನೀರನ್ನು ವ್ಯಾಪಾರಿ ಒಮ್ಮೆಯೂ ಕುಡಿದಿರಲಿಲ್ಲ. ಅವನು ಗಾಡಿಯಲ್ಲಿ ಓಡಾಡುವವನು, ಮನೆಯಿಂದಲೇ ಚೊಂಬಿನಲ್ಲಿ ನೀರು ತರುತ್ತಿದ್ದ.

ಒಂದು ಬೇಸಿಗೆಯಲ್ಲಿ ಮೊಮ್ಮಗಳ ಜೊತೆ ಸಂತೆಯಿಂದ ಬರುವಾಗ ಗಾಡಿಯ ಅಚ್ಚು ಮುರಿಯಿತು. ಇಬ್ಬರೂ ನಡೆದು ಹೊರಟರು. ಚೊಂಬು ಬರಿದಾಯಿತು. ಮಗು "ತಾತ, ನೀರು" ಎನ್ನುತ್ತ ಕುಸಿದು ಕೂತಿತು.

"ಹೆದರಬೇಡ ಪುಟ್ಟಿ, ಮುಂದೆ ನಮ್ಮದೇ ಬಾವಿ ಇದೆ" ಎಂದು ಅವಳನ್ನು ಎತ್ತಿಕೊಂಡು ಓಡಿದ.

ಬಾವಿಯಲ್ಲಿ ನೀರಿತ್ತು, ಮೇಲೆ ರಾಟೆಯಿತ್ತು. ಹಗ್ಗ ಇರಲಿಲ್ಲ. ವ್ಯಾಪಾರಿ ತಲೆಯ ರುಮಾಲು ಬಿಚ್ಚಿ ಚೊಂಬಿಗೆ ಕಟ್ಟಿ ಇಳಿಬಿಟ್ಟ. ಮುಟ್ಟಲಿಲ್ಲ. ಉಟ್ಟ ಪಂಚೆಯನ್ನೂ ಬಿಚ್ಚಿ ಗಂಟು ಹಾಕಿದ. ಇನ್ನೂ ಒಂದು ಮೊಳ ಸಾಲದು. ಎಲ್ಲರದಕ್ಕಿಂತ ಆಳ ಅಲ್ಲವೇ ಅವನ ಬಾವಿ! ಮಗು ಕಣ್ಣು ಮುಚ್ಚಿತು. ಅಷ್ಟು ದೊಡ್ಡ ಮನುಷ್ಯ ತನ್ನ ಹೆಸರಿನ ಕಲ್ಲಿಗೆ ಒರಗಿ ಹೋ ಎಂದು ಅತ್ತುಬಿಟ್ಟ.

ಅಷ್ಟರಲ್ಲಿ ಆ ದಾರಿಯಲ್ಲಿ ಒಬ್ಬ ಕುಂಬಾರ ಬಂದ. ಅವನ ಹೆಗಲ ಮೇಲೆ ಹಗ್ಗವಿತ್ತು. ಏನೂ ಕೇಳದೆ ನೀರು ಸೇದಿ ಮಗುವಿಗೆ ಕುಡಿಸಿದ. ಮಗು ಕಣ್ಣು ಬಿಟ್ಟಿತು.

ಜೀವ ಬಂದ ಹಾಗಾದ ವ್ಯಾಪಾರಿಗೆ ಈಗ ಸಿಟ್ಟು ಬಂತು. "ಇಲ್ಲೊಂದು ಹಗ್ಗ ಕಟ್ಟುವವರೇ ಇಲ್ಲವೇನಯ್ಯಾ?"

"ನಾನೇ ಕಟ್ಟಿದ್ದೆ ಸ್ವಾಮಿ. ಒಂದು ಮಳೆಗಾಲಕ್ಕೆ ಕೊಳೆತುಹೋಯಿತು. ಬೇಜಾರಾಗಿ ಬಿಟ್ಟುಬಿಟ್ಟೆ. ಬಾವಿಗೆ ಧಣಿಗಳಿದ್ದೀರಿ, ಹಗ್ಗಕ್ಕೆ ಯಾರೂ ಇಲ್ಲ. ಗೊತ್ತಿದ್ದವರು ತಮ್ಮ ಹಗ್ಗ ತಾವೇ ತಂದುಕೊಳ್ಳುತ್ತೇವೆ."

"ಗೊತ್ತಿಲ್ಲದವರು?"

ಕುಂಬಾರ ಮಗುವಿನ ಕಡೆ ನೋಡಿದ.

ವ್ಯಾಪಾರಿ ಮರುದಿನವೇ ಎಲ್ಲ ಬಾವಿಗಳಿಗೂ ಹಗ್ಗ ಕಟ್ಟಿಸಿದ. ಆದರೆ ಮನಸ್ಸು ಸುಮ್ಮನಿರಲಿಲ್ಲ. ತನಗೆ ವಯಸ್ಸಾಯಿತು, ಹಗ್ಗವೂ ಕೊಳೆಯುತ್ತದೆ, ಆಮೇಲೆ? ಊರಿನವರನ್ನು ಕರೆದು ಇದನ್ನೇ ಕೇಳಿದ. ಒಬ್ಬೊಬ್ಬರು ಒಂದೊಂದು ಹೇಳಿದರು. ವಾದ ಮಾಡಿದರು, ಜಗಳವನ್ನೂ ಆಡಿದರು. ಕೊನೆಗೆ ಕೆರೆಯ ಕೆಳಗೆ ಊರಿಗೆಲ್ಲ ಸೇರಿದ ಒಂದು ತೆಂಗಿನ ತೋಟ ಹಾಕಿದರು. ವ್ಯಾಪಾರಿ ಗಾಡಿಗಟ್ಟಲೆ ಸಸಿ ಕೊಟ್ಟ. ಮಂಡಕ್ಕಿ ಮಾರುವ ಹೆಂಗಸು ಒಂದೇ ಒಂದು ಸಸಿ ಕೊಟ್ಟಳು. ನೋಡಿಕೊಳ್ಳಲು ಕೇರಿಗೊಬ್ಬರನ್ನು ಆರಿಸಿದರು. ಮರ ಕಡಿಯುವಂತಿಲ್ಲ, ಮಾರುವಂತಿಲ್ಲ. ಅದು ಕೊಟ್ಟದ್ದನ್ನು ಮಾತ್ರ ಬಳಸಬೇಕು.

ಮರಗಳು ಫಲ ಕೊಡುವ ತನಕ ವ್ಯಾಪಾರಿಯೇ ಹಗ್ಗ ಕೊಂಡು ಕೊಟ್ಟ. ಆಮೇಲೆ ತೋಟದ ನಾರಿನಿಂದಲೇ ಹಗ್ಗ ಹೊಸೆದರು. ಕಾಯಿ ಮಾರಿ ಬಂದದ್ದನ್ನು ಏನು ಮಾಡುವುದು? ತೋಟ ನೋಡಿಕೊಳ್ಳುವವರು ಪ್ರತಿ ಬೇಸಿಗೆಯಲ್ಲೂ ಊರೆಲ್ಲ ನಡೆದು, ಸಿಕ್ಕಿದವರನ್ನು "ನಿಮಗೆ ಏನು ಕೊರತೆಯಿದೆ?" ಎಂದು ಕೇಳುತ್ತಿದ್ದರು. ಒಂದು ವರ್ಷ ರಾಟೆ ಬೇಕಿತ್ತು. ಇನ್ನೊಂದು ವರ್ಷ ಸೂಲಗಿತ್ತಿಗೆ ಗಾಡಿ ಬೇಕಿತ್ತು. ಯಾವ ಧಣಿಗೂ ಹೊಳೆಯದೆ ಇದ್ದದ್ದು ಕೇಳಿದಾಗ ತಿಳಿಯುತ್ತಿತ್ತು.

ವ್ಯಾಪಾರಿ ತೀರಿಕೊಂಡ. ಮಂಡಕ್ಕಿಯವಳೂ ಹೋದಳು. ಬಾವಿಗಳಲ್ಲಿ ಹಗ್ಗ ಮಾತ್ರ ತಪ್ಪಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸಂಕಣ್ಣ ಲೆಕ್ಕ ಹಾಕುವವನಂತೆ ಬೆರಳು ಮಡಿಸುತ್ತ ಕೇಳಿದ: "ಒಂದೇ ಒಂದು ಸಂದೇಹ ಗುರುಗಳೇ. ಆ ಹಗ್ಗದಲ್ಲಿ ವ್ಯಾಪಾರಿಯ ಮರದ ನಾರು ಯಾವುದು, ಮಂಡಕ್ಕಿಯವಳ ಮರದ ನಾರು ಯಾವುದು ಅಂತ ಹೇಗೆ ಗೊತ್ತಾಗುತ್ತಿತ್ತು?"

ಗುರುಗಳು ಹೇಳಿದರು:

"ಬಾಯಾರಿ ಬಂದವರು ಯಾರೂ ಅದನ್ನು ಕೇಳಲಿಲ್ಲ, ನಿನಗೆ ಯಾವ ಬಾಯಾರಿಕೆಯಪ್ಪಾ?"