ಗಡಿಪಾರಾದ ಬೊಜ್ಜು

ಪಾಳೆಗಾರ ಬೊಮ್ಮಣ್ಣನಾಯಕನ ನಡುಪಟ್ಟಿ ಅವತ್ತು ಬೆಳಿಗ್ಗೆ ಕೊಂಡಿಗೆ ಸಿಗಲೇ ಇಲ್ಲ. ಇಬ್ಬರು ಆಳುಗಳು ಆ ಕಡೆ ಈ ಕಡೆ ನಿಂತು ಎಳೆದರೂ ಒಂದು ಗೇಣು ಸಾಲದೆ ಬಂತು.

ಹೋದ ವರ್ಷ ಅರಮನೆಯ ವೈದ್ಯ ನಂಜುಂಡ ಪಂಡಿತರು ರಾಗಿ ಅಂಬಲಿ ಕುಡಿಸಿ, ಕೋಟೆ ಸುತ್ತಿಸಿ ನಾಯಕನ ಮೈ ಇಳಿಸಿದ್ದರು. "ಬೊಜ್ಜನ್ನು ಗಡಿಪಾರು ಮಾಡಿದ್ದೇನೆ! ಇನ್ನು ಈ ಕಡೆ ತಲೆ ಹಾಕಲಿ ನೋಡೋಣ" ಎಂದು ನಾಯಕ ತುಂಬಿದ ಸಭೆಯಲ್ಲಿ ಜಂಬ ಕೊಚ್ಚಿದ್ದ. ಆಮೇಲೆ ಯುಗಾದಿ ಬಂತು, ಹೋಳಿಗೆ ಬಂತು. ಹಬ್ಬ ಹೋಯಿತು, ಹೋಳಿಗೆ ಮಾತ್ರ ಹೋಗಲಿಲ್ಲ.

"ಪಂಡಿತರೇ, ನಿಮ್ಮ ಮದ್ದು ಸುಳ್ಳು! ಹೊತ್ತು ಮುಳುಗುವುದರೊಳಗೆ ನನ್ನ ಸೀಮೆ ಬಿಟ್ಟು ನಡೆಯಿರಿ!" ಎಂದು ನಾಯಕ ಅವತ್ತೇ ಸಭೆಯಲ್ಲಿ ಗುಡುಗಿದ.

ಹಾಸಿಗೆ ಹಿಡಿದ ಹೆಂಡತಿಯನ್ನು ಕಟ್ಟಿಕೊಂಡು ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುವುದು? ಪಂಡಿತರು ದಿಕ್ಕು ತೋಚದೆ ಆಸ್ಥಾನದ ವಿದೂಷಕ ಸೂರಪ್ಪನ ಮುಖ ನೋಡಿದರು. ಸೂರಪ್ಪ ನಾಲಿಗೆಯಲ್ಲೇ ಬದುಕಿದವನು, ಎದ್ದು ಕೈಮುಗಿದ.

"ಪ್ರಭು, ಗಡಿಪಾರಾದ ಕಳ್ಳ ದ್ಯಾವ ಮೊನ್ನೆ ಕೋಟೆಯೊಳಗೆ ಸಿಕ್ಕಿದನಲ್ಲ. ಯಾರಿಗೆ ಶಿಕ್ಷೆ ಕೊಟ್ಟಿರಿ? ಅವನನ್ನು ಗಡಿಯಾಚೆ ಅಟ್ಟಿಬಂದ ಸಿಪಾಯಿಗೋ?"

"ನಿನಗೆ ಬುದ್ಧಿ ನೆಟ್ಟಗಿದೆಯೇನಯ್ಯ? ಬಾಗಿಲು ತೆಗೆದು ಒಳಗೆ ಬಿಟ್ಟ ಕಾವಲುಗಾರನಿಗೆ ಕೊಟ್ಟೆ. ನಲವತ್ತು ದಿನ ಬರೀ ಅಂಬಲಿ, ದಿನಾ ಕೋಟೆಗೆ ಮೂರು ಸುತ್ತು!"

"ಆ ಕಾಯಿದೆ ಎಲ್ಲರಿಗೂ ಒಂದೇ ತಾನೆ?"

"ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನಾದರೂ ಬಿಡುವವನಲ್ಲ!"

"ಹಾಗಾದರೆ ಬೊಜ್ಜನ್ನು ಅಟ್ಟಿಬಂದ ಪಂಡಿತರ ತಪ್ಪೇನು? ಅದನ್ನು ಮರಳಿ ಒಳಗೆ ಬಿಟ್ಟ ಕಾವಲುಗಾರ ಬೇರೆಯೇ ಇದ್ದಾನೆ."

"ಯಾರವನು? ಎಳೆದು ತಾ!"

"ಎಳೆಯುವುದಕ್ಕೆ ನಾಲ್ಕು ಜನ ಬೇಕು ಪ್ರಭು. ಬೊಜ್ಜು ನುಗ್ಗುವುದಕ್ಕೆ ಇರುವುದು ಒಂದೇ ಬಾಗಿಲು. ಬಾಗಿಲ ಮೇಲೆ ಮೀಸೆಯಿದೆ, ಮೀಸೆಯಲ್ಲಿ ಬೆಳಿಗ್ಗೆಯ ಹೋಳಿಗೆ ತುಪ್ಪ ಇನ್ನೂ ಆರಿಲ್ಲ."

ನಾಯಕನ ಕೈ ತಾನಾಗಿ ಮೀಸೆಗೆ ಹೋಯಿತು. ಬೆರಳು ಜಿಡ್ಡಾಯಿತು. ಮರುಗಳಿಗೆಯಲ್ಲಿ ನಾಯಕನೇ ಗಹಗಹಿಸಿ ನಕ್ಕುಬಿಟ್ಟ. "ಪಂಡಿತರೇ, ನೀವು ಎಲ್ಲಿಗೂ ಹೋಗಬೇಡಿ" ಎಂದ. ಪಂಡಿತರಿಗೆ ಹೋದ ಜೀವ ಬಂದಂತಾಯಿತು.

ಆದರೆ ನಗು ಮುಗಿಯುತ್ತಲೇ ನಾಯಕನ ಮೋರೆ ಸಪ್ಪಗಾಯಿತು.

"ಒಂದು ಸಲ ಇಳಿಸಿದ್ದಾಯಿತು, ಬಂತು. ಇನ್ನೊಂದು ಸಲ ಇಳಿಸಿದರೂ ಬರುತ್ತದೆ. ಈ ಗೋಳು ಯಾಕೆ ಬೇಕು ಸೂರಪ್ಪ?"

"ಪ್ರಭುಗಳು ನಿನ್ನೆ ಸ್ನಾನ ಮಾಡಿದ್ದಿರಿ. ಇವತ್ತು ಮತ್ತೆ ಯಾಕೆ ಮಾಡಿದಿರಿ?"

"ಮೈ ಕೊಳೆಯಾಗಿತ್ತು, ಮಾಡಿದೆ."

"ತೊಳೆದ ಕೊಳೆ ಮರಳಿ ಬಂತು ಅಂತ ಸ್ನಾನ ಬಿಟ್ಟಿರಾ? ನೀರು ಕಾಯಿಸುವವನನ್ನು ಊರು ಬಿಡಿಸಿದಿರಾ?"

ನಾಯಕ ಹೆಗಲ ಶಾಲು ತೆಗೆದು ಸೂರಪ್ಪನಿಗೆ ಹೊದಿಸಿದ. ಆಮೇಲೆ ಪಂಡಿತರ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ ಕೇಳಿದ: "ಅಂಬಲಿಗೆ ಚೂರು ಮಜ್ಜಿಗೆ ಬೆರೆಸಬಹುದೇ?"

"ಧಾರಾಳವಾಗಿ, ಪ್ರಭು" ಎಂದರು ಪಂಡಿತರು. "ಬೆಣ್ಣೆ ತೆಗೆದದ್ದು."