ಸೀರೆ ವ್ಯಾಪಾರಿಯ ಮನೆಪಾಠ

“ಗುರುಗಳೇ, ಮನೆಯಲ್ಲಿ ಕೇಳಿದ್ದನ್ನೆಲ್ಲ ಪಟಪಟನೆ ಹೇಳುವ ಮಗು ಶಾಲೆಯ ಪರೀಕ್ಷೆಯಲ್ಲಿ ಏಕೆ ಬಾಯಿ ಬಿಡುವುದಿಲ್ಲ?” ಎಂದು ಸುಮಂಗಲಾ ಕೇಳಿದಳು.

ಆಕೆಯ ಮಗ ಒಂದನೆಯ ತರಗತಿಯಲ್ಲಿದ್ದ. ಮೊದಲ ಪರೀಕ್ಷೆಯಲ್ಲಿ ಅವನು ಟೀಚರ ಎದುರು ಸುಮ್ಮನೆ ನಿಂತು ಬಂದಿದ್ದ. ಈಗ ಇನ್ನೊಂದು ಪರೀಕ್ಷೆ ಹತ್ತಿರ ಬಂದಿತ್ತು. ಆಕೆ ದಿನವೂ ಸಂಜೆ ಅವನನ್ನು ಎದುರಿಗೆ ಕೂರಿಸಿಕೊಂಡು ಓದಿಸುತ್ತಿದ್ದಳು. ಮನೆಯಲ್ಲಿ ಅವನು ಒಂದನ್ನೂ ತಪ್ಪಾಗಿ ಹೇಳುತ್ತಿರಲಿಲ್ಲ. ಇದನ್ನೆಲ್ಲ ಹೇಳಿ, “ಇನ್ನೂ ಹೆಚ್ಚು ಹೊತ್ತು ಕೂರಿಸಬೇಕೇನೋ?” ಎಂದಳು.

“ಕೂರಿಸುವುದರಲ್ಲಿ ನೀನು ಹಿಂದೆ ಬಿದ್ದವಳಲ್ಲ, ಅದು ನನಗೆ ಗೊತ್ತು” ಎಂದು ಗುರುಗಳು ನಕ್ಕರು. ಆಮೇಲೆ ನಗು ನಿಲ್ಲಿಸಿ ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದ. ಗಿರಾಕಿ ಬಾಯಿ ಬಿಟ್ಟು ಕೇಳುವ ಮೊದಲೇ ಅವಳ ಮನಸ್ಸು ಯಾವ ಸೀರೆಯ ಮೇಲಿದೆ ಎಂದು ಅವನು ತಿಳಿದುಬಿಡುತ್ತಿದ್ದ. ಕೈ ಒಂದೊಂದೇ ಸೀರೆ ಬಿಚ್ಚುತ್ತಿತ್ತು. ಕಣ್ಣು ಗಿರಾಕಿಯ ಮುಖವನ್ನು ಬಿಟ್ಟು ಕದಲುತ್ತಿರಲಿಲ್ಲ. ಮನಸ್ಸಿಗೆ ಹಿಡಿಸಿದ ಸೀರೆ ಬಂದಾಗ ಹೆಂಗಸರು ಬೇಕೆಂದೇ ಬೇರೆ ಕಡೆ ನೋಡುತ್ತಾರೆ, ದರ ಇಳಿಯಲಿ ಎಂದು. ನೀನೂ ಹಾಗೆ ಮಾಡಿರಬಹುದು. ಅದೂ ಅವನಿಗೆ ಗೊತ್ತಿತ್ತು.

ಅವನಿಗೆ ಒಬ್ಬಳು ಮಗಳು. ಶಾಲೆಗೆ ಸೇರುವ ವಯಸ್ಸು. ಹೆಂಡತಿ ಎರಡನೆಯ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಊರಿನ ಶಾಲೆಯಲ್ಲಿ ಹೊಸ ಮಕ್ಕಳಿಗೆ ಒಂದು ಸಣ್ಣ ಪರೀಕ್ಷೆ ಮಾಡುತ್ತಿದ್ದರು. ತಾಯಿ ಇಲ್ಲದಾಗ ಮಗು ಹಿಂದೆ ಬಿತ್ತು ಎಂದು ಯಾರೂ ಹೇಳಬಾರದೆಂದು ವ್ಯಾಪಾರಿ ತಾನೇ ಪಾಠಕ್ಕೆ ಕೂತ.

ಸೀರೆಯ ಪೆಟ್ಟಿಗೆಗಳ ರಟ್ಟನ್ನು ಕತ್ತರಿಸಿ, ತುಂಡಿಗೊಂದರಂತೆ ಅಕ್ಷರ ಬರೆದ. ಅವನ್ನು ಮಗಳ ಮುಂದೆ ಸೀರೆ ಹರಡಿದಂತೆ ಹರಡಿದ. “ಇದರಲ್ಲಿ ‘ಗ’ ಯಾವುದು ತೋರಿಸು ಪುಟ್ಟಿ” ಎಂದು ಕೇಳುತ್ತಿದ್ದ. ಅವಳ ಬೆರಳು ಒಂದೊಂದು ರಟ್ಟಿನ ಮೇಲೂ ಹೋಗಿ ನಿಲ್ಲುತ್ತಿತ್ತು. ತಪ್ಪು ಅಕ್ಷರದ ಮೇಲೆ ನಿಂತರೆ ಅಪ್ಪನ ಹುಬ್ಬು ಗಂಟಾಗುತ್ತಿತ್ತು. ಸರಿಯಾದದ್ದರ ಮೇಲೆ ನಿಂತರೆ ಅವನ ಮುಖ ಅರಳುತ್ತಿತ್ತು. ಅವನಿಗೆ ಇದು ತಿಳಿಯಲಿಲ್ಲ. ಊರವರ ಮುಖವನ್ನೆಲ್ಲ ಓದಿದವನಿಗೆ ತನ್ನ ಮುಖ ಕಾಣುವುದಿಲ್ಲವಲ್ಲ.

ಅವನು ಮಗಳನ್ನು ಗದರಲಿಲ್ಲ, ಹೊಡೆಯಲಿಲ್ಲ. ಗದರುವ ತಂದೆಯಾಗಿದ್ದರೆ ನಾನು ಅವನನ್ನು ಬೈದು ಸುಮ್ಮನಾಗಬಹುದಿತ್ತು. ಇವನು ಒಳ್ಳೆಯ ಮನುಷ್ಯ. ಅದೇ ನನಗೆ ಸಂಕಟ.

ಕೆಲವು ದಿನಗಳಲ್ಲಿ ಮಗಳು ತಪ್ಪು ಮಾಡುವುದನ್ನೇ ಬಿಟ್ಟಳು. ವ್ಯಾಪಾರಿ ಹಿಗ್ಗಿದ. ತವರಿನಲ್ಲಿದ್ದ ಹೆಂಡತಿಗೆ, ನಮ್ಮ ಹುಡುಗಿಗೆ ಎಲ್ಲ ಅಕ್ಷರ ಬರುತ್ತದೆ ಎಂದು ಹೇಳಿ ಕಳಿಸಿದ.

ಪರೀಕ್ಷೆಯ ದಿನ ಶಾಲೆಯ ಟೀಚರು ಮೇಜಿನ ಮೇಲೆ ಅಕ್ಷರಗಳನ್ನು ಇಟ್ಟು ‘ಗ’ ತೋರಿಸು ಎಂದರು. ಆಕೆ ವಯಸ್ಸಾದವರು, ಎಲ್ಲ ಮಕ್ಕಳನ್ನೂ ನಗುಮುಖದಿಂದಲೇ ನೋಡುವವರು. ಹುಡುಗಿಯ ಬೆರಳು ‘ಕ’ದ ಮೇಲೆ ನಿಂತಿತು, ಟೀಚರು ನಗುತ್ತಿದ್ದರು. ‘ಮ’ದ ಮೇಲೆ ನಿಂತಿತು, ಆಗಲೂ ನಗುತ್ತಿದ್ದರು. ‘ಗ’ದ ಮೇಲೂ ಅದೇ ನಗು. ಹುಡುಗಿ ಕೊನೆಗೆ ಕೈಯನ್ನು ಮಡಿಲಿಗೆ ಎಳೆದುಕೊಂಡು ಅತ್ತಳು.

ಟೀಚರು ತಂದೆಯನ್ನು ಒಳಗೆ ಕರೆದರು. “ನಿಮ್ಮ ಮಗಳು ಅಕ್ಷರ ನೋಡ್ಲಿಲ್ಲ, ನನ್ನ ಮುಖ ನೋಡಿದಳು. ಗಾಬರಿ ಬೇಡ, ಸೇರಿಸ್ಕೋತೀವಿ. ಏನು ಬರಲ್ಲ ಅಂತ ಗೊತ್ತಾದ್ರೆ ತಾನೇ ನಾವು ಕಲಿಸೋದು? ಪರೀಕ್ಷೆ ಮಾಡೋದೇ ಅದಕ್ಕೆ. ಆದ್ರೆ ಮನೇಲಿ ಅವಳು ಸ್ವಲ್ಪ ತಪ್ಪು ಹೇಳಲಿ, ಬಿಡಿ” ಎಂದರು.

ವ್ಯಾಪಾರಿ ಹೂಂ ಎಂದು ಬಂದ. ಅಂಗಡಿಯಲ್ಲಿ ಅದನ್ನೇ ಎಲ್ಲರಿಗೂ ಹೇಳಿಕೊಂಡು ನಕ್ಕ. “ಮುಖ ನೋಡಿ ಉತ್ತರ ಹಿಡೀತಾಳಂತೆ! ನನ್ನ ಮಗಳಲ್ವೇ, ವ್ಯಾಪಾರ ರಕ್ತದಲ್ಲೇ ಬಂದಿದೆ.” ಕೇಳಿದವರೂ ನಕ್ಕರು. ಎಂಥ ಮಾತು ನೋಡು. ಆ ಟೀಚರು ಬಾಗಿಲಿಗೆ ಬಂದ ಆಪತ್ತನ್ನು ಬೆರಳಿಟ್ಟು ತೋರಿಸಿದ್ದರು. ಇವನು ಅದನ್ನು ಹೊಗಳಿಕೆ ಎಂದುಕೊಂಡ. ಮನೆಯಲ್ಲಿ ಪಾಠ ಮೊದಲಿನಂತೆಯೇ ನಡೆಯಿತು.

ಅಕ್ಷರಗಳನ್ನು ಹುಡುಗಿ ಶಾಲೆಯಲ್ಲೇ ಕಲಿತಳು. ಎಲ್ಲ ಮಕ್ಕಳೂ ಇಂದಲ್ಲ ನಾಳೆ ಕಲಿಯುತ್ತಾರೆ. ಅಕ್ಷರಕ್ಕಾಗಿ ನಾನು ಈ ಕತೆ ಹೇಳುತ್ತಿಲ್ಲ.

ಗೌರಿ ಹಬ್ಬ ಹತ್ತಿರ ಬಂತು. ಹೆಂಡತಿ ಬಾಣಂತನ ಮುಗಿಸಿ ಇನ್ನೂ ಬಂದಿರಲಿಲ್ಲ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಶಾಲೆ ಮುಗಿಸಿ ಬಂದ ಮಗಳು ಒಂದು ಮೂಲೆಯಲ್ಲಿ ಕಿವಿಯನ್ನು ಅಂಗೈಯಿಂದ ಒತ್ತಿಕೊಂಡು ಕೂತಿದ್ದಳು. ವ್ಯಾಪಾರಿ ಅದನ್ನು ಕಂಡ. ಎದುರಿಗೆ ಗಿರಾಕಿಗಳು ಕಾಯುತ್ತಿದ್ದರು.

“ಕಿವಿ ನೋಯ್ತಾ ಇದೆಯಾ ಪುಟ್ಟಿ? ಇಲ್ಲ ತಾನೇ?” ಎಂದು ಕೇಳಿದ.

ಅವಳು ಅವನ ಮುಖವನ್ನೇ ನೋಡಿದಳು. “ಇಲ್ಲ ಅಪ್ಪ” ಎಂದಳು. ಅವನ ಮುಖ ಅರಳಿತು.

ಮಾರನೆಯ ದಿನವೂ ಕೇಳಿದ. ಅಂದೂ ಅದೇ ಉತ್ತರ. ಕೇಳಲಿಲ್ಲ ಎಂದು ಅವನನ್ನು ದೂರಲಾಗದು. ಹಬ್ಬ ಮುಗಿಯುವ ಹೊತ್ತಿಗೆ ಮಗುವಿಗೆ ಕೆಂಡದಂಥ ಜ್ವರ. ದಿಂಬಿನ ಮೇಲೆ ಕೀವು. ಅವನು ಅವಳನ್ನು ಎತ್ತಿಕೊಂಡು ಡಾಕ್ಟರ ಬಳಿಗೆ ಓಡಿದ.

“ಯಾವತ್ತಿನಿಂದ ನೋವಮ್ಮ?” ಎಂದು ಡಾಕ್ಟರು ಕೇಳಿದರು. ಹುಡುಗಿ ಅಪ್ಪನ ಕಡೆ ತಿರುಗಿದಳು. ಅಂದು ಆ ಮುಖದಲ್ಲಿ ಭಯ ಬಿಟ್ಟು ಬೇರೆ ಏನೂ ಇರಲಿಲ್ಲ. ಅವಳಿಗೆ ಉತ್ತರ ಸಿಗಲಿಲ್ಲ. ಡಾಕ್ಟರು ಮತ್ತೆ ಕೇಳಿದರು, ಅವಳು ಮತ್ತೆ ಅಪ್ಪನನ್ನೇ ನೋಡಿದಳು. ಡಾಕ್ಟರಿಗೆ ರೇಗಿತು. “ನೀವು ಸ್ವಲ್ಪ ಹೊರಗೆ ಹೋಗಿ” ಎಂದರು.

ವ್ಯಾಪಾರಿ ಬಾಗಿಲಿನ ಪರದೆಯ ಆಚೆ ನಿಂತ. ಒಳಗಿನ ಮಾತು ಅವನಿಗೆ ಕೇಳಿಸಿತು.

“ಹಬ್ಬಕ್ಕೂ ಮುಂಚಿನಿಂದ ನೋಯ್ತಿದೆ” ಎಂದಳು ಮಗಳು.

“ಮತ್ತೆ ಅಪ್ಪನಿಗೆ ಯಾಕೆ ಹೇಳ್ಲಿಲ್ಲ?”

“ಅಪ್ಪ ಕೇಳಿದ್ರು. ‘ಇಲ್ಲ’ ಅನ್ನೋದೇ ಸರಿ ಉತ್ತರ ಆಗಿತ್ತು.”

ಜ್ವರ ಇಳಿಯಿತು. ಆ ಕಿವಿ ಮಾತ್ರ ಮತ್ತೆ ಕೇಳಲಿಲ್ಲ.

ವ್ಯಾಪಾರಿ ರಟ್ಟಿನ ತುಂಡುಗಳನ್ನೆಲ್ಲ ಒಲೆಗೆ ಹಾಕಿದ. ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು, “ಇನ್ಮೇಲೆ ಏನಿದ್ರೂ ನಿಜ ಹೇಳು ಕಂದ, ನಾನು ಬೇಜಾರು ಮಾಡ್ಕೊಳಲ್ಲ” ಎಂದ. ಅವಳು ಅವನ ಮುಖ ನೋಡಿ, “ಹೂಂ ಅಪ್ಪ” ಎಂದಳು. ಅದು ನಿಜವಾದ ಹೂಂ ಹೌದೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಸಾವಿರ ಹೆಂಗಸರ ಮನಸ್ಸನ್ನು ಬಲ್ಲವನಿಗೆ ಸ್ವಂತ ಮಗಳ ಮನಸ್ಸು ಗೊತ್ತಿರಲಿಲ್ಲ.

ಈಗ ಅವಳು ದೊಡ್ಡವಳು. ಏನಾದರೂ ಮುಖ್ಯವಾದದ್ದನ್ನು ಕೇಳುವುದಿದ್ದರೆ ಅವನು ಗೋಡೆಯ ಕಡೆ ಮುಖ ಮಾಡಿ ಕೇಳುತ್ತಾನೆ. ಮದುವೆಯ ಮಾತು ಬಂದಾಗಲೂ ಹಾಗೆಯೇ ಕೇಳಿದ, “ಹುಡುಗ ನಿನಗೆ ಒಪ್ಪಿಗೇನಾ?” ಎಂದು. ಅವನು ತಿರುಗಲಿ ಎಂದು ಅವಳು ಕಾಯುತ್ತಾಳೆ. ಎಷ್ಟು ಹೊತ್ತಾದರೂ ಕಾಯುತ್ತಾಳೆ. ಕೊನೆಗೆ ಅವನೇ ಸೋತು ತಿರುಗುತ್ತಾನೆ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಅವರ ದನಿ ಕುಗ್ಗಿತ್ತು.

ಸುಮಂಗಲಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, “ಹಾಗಾದರೆ ಮಕ್ಕಳಿಗೆ ಮನೆಯಲ್ಲಿ ಹೇಳಿಕೊಡಲೇಬಾರದೇ, ಗುರುಗಳೇ? ನನ್ನ ಮಗ ಆ ಹುಡುಗಿಯ ಹಾಗಲ್ಲ. ನನ್ನ ಹತ್ತಿರ ಅವನು ಏನನ್ನೂ ಮುಚ್ಚಿಡುವುದಿಲ್ಲ” ಎಂದಳು.

ಗುರುಗಳು ಆಕೆಯನ್ನು ಕರುಣೆಯಿಂದ ನೋಡಿದರು.

“ಅವನು ನಿನ್ನೆದುರು ಕೊನೆಯ ಸಲ ‘ನನಗೆ ಗೊತ್ತಿಲ್ಲಮ್ಮ’ ಎಂದದ್ದು ಯಾವಾಗ, ಸುಮಂಗಲಾ?”