ಕೋಟೆ ಬಾಗಿಲು ದಾಟದ ಕಂಚು

"ಕೇಳ್ರಪ್ಪೋ ಕೇಳಿ! ಅರಸರು ಕೂಡಿಟ್ಟ ಯವನರ ಹಳೇ ಕಂಚಿನ ನಾಣ್ಯಗಳ ಮೇಲೆ ಮೂರು ಒಗಟು. ಮೂರನ್ನೂ ಒಡೆದವನಿಗೆ ನೂರು ನಾಣ್ಯ, ಎಡವಿದವನಿಗೆ ಶೂಲ!"

ಶಂಖಪಟ್ಟಣದಲ್ಲಿ ಈ ಡಂಗುರ ಬಿದ್ದಾಗ ಕಂಚುಗಾರ ಕೇತ ಕೋಟೆಯಾಚೆ ಬಂದರಿನಲ್ಲಿ ಗೋಗರೆಯುತ್ತಿದ್ದ. ಮದ್ಯದ ಕೊಡಗಳನ್ನು ಒಡೆದನೆಂದು ಅವನ ತಮ್ಮ ಮಾಚನನ್ನು ಯವನ ಹಡಗಿನ ಯಜಮಾನ ಹುಟ್ಟಿಗೆ ಕಟ್ಟಿಹಾಕಿದ್ದ.

"ನೂರು ನಾಣ್ಯ ತಾ, ಬಿಡ್ತೀನಿ. ಸಂಜೆ ಗಾಳಿ ಎದ್ದರೆ ನಾನಿಲ್ಲ."

ಡಂಗುರ ಕಿವಿಗೆ ಬಿದ್ದದ್ದೇ ಕೇತ ಅರಮನೆಗೆ ಓಡಿದ. ಹಡಗಿನವರ ಸವೆದ ಕಂಚನ್ನು ಕರಗಿಸಿ ಗಿಂಡಿ ಮಾಡುತ್ತ, ಅವರ ಹರಟೆ ಕೇಳುತ್ತ ಬೆಳೆದವನು ಅವನು.

ಅರಸ ಗೂಗೆಯ ಚಿತ್ರವಿದ್ದ ನಾಣ್ಯವೊಂದನ್ನು ಎತ್ತಿ ಹಿಡಿದ. "ಯವನರಲ್ಲಿ ಇದು ಹೆಣದ ಬಾಯಲ್ಲೂ ಇರುತ್ತೆ, ಸಂತೆಗೆ ಹೊರಟವನ ಬಾಯಲ್ಲೂ ಇರುತ್ತೆ. ಯಾಕೆ?"

"ಪುಣ್ಯಕ್ಕೆ. ನಾವು ಸತ್ತವರ ಬಾಯಿಗೆ ಚಿನ್ನ ಹಾಕೋದಿಲ್ಲವೇ?" ಎಂದ ಪುರೋಹಿತರ ಮಗ. ಅವನನ್ನು ಭಟರು ಶೂಲಕ್ಕೆ ಎಳೆದೊಯ್ದರು.

"ಕಂಚು ಬಾಯಿಹುಣ್ಣಿಗೆ ಮದ್ದು" ಎಂದ ವೈದ್ಯನ ಅಳಿಯ. ಅವನನ್ನೂ ಎಳೆದೊಯ್ದರು.

"ನೀನೇನೋ, ಗಿಂಡಿ ಬಡಿಯೋನೆ?"

"ಇಬ್ಬರ ಸೊಂಟಕ್ಕೂ ಚೀಲ ಇಲ್ಲ, ಬುದ್ಧಿ. ಇಬ್ಬರೂ ದುಡ್ಡು ಕೊಡಲೇಬೇಕು. ಒಬ್ಬ ಮೀನಿನವಳಿಗೆ, ಇನ್ನೊಬ್ಬ ಸತ್ತವರ ಹೊಳೆ ದಾಟಿಸೋ ಅಂಬಿಗನಿಗೆ."

ಅರಸನ ಹುಬ್ಬು ಏರಿತು. "ತನ್ನೂರಲ್ಲಿ ಇದಕ್ಕೆ ಇಡೀ ಮೀನು ಸಿಗುತ್ತೆ. ಊರ ಬಾಗಿಲು ದಾಟಿದರೆ ಮುಳ್ಳೂ ಇಲ್ಲ. ತೂಕ ಅಷ್ಟೇ ಇದೆ. ಕಳೆದದ್ದೇನು?"

"ಊರಿನವರ ಒಪ್ಪಿಗೆ. ಬೆಳ್ಳಿಗೆ ತನ್ನದೇ ಬೆಲೆ ಉಂಟು. ಕಂಚಿಗೆ ಊರು ಕೊಟ್ಟಷ್ಟೇ."

ಅರಸ ಇನ್ನೊಂದು ನಾಣ್ಯ ಎತ್ತಿದ. "ಇದರಲ್ಲಿ ಸೋತ ರಾಜನ ಮುಖದ ಮೇಲೆ ಗೆದ್ದವನ ಮುದ್ರೆ ಬಿದ್ದಿದೆ. ಕರಗಿಸಿ ಹೊಸದು ಮಾಡಬಾರದಿತ್ತೇ?"

"ಕರಗಿಸೋಕೆ ಇದ್ದಿಲು ಬೇಕು, ಪುರುಸೊತ್ತು ಬೇಕು. ದಂಡು ಸಂಬಳಕ್ಕೆ ಬಾಗಿಲಲ್ಲಿ ನಿಂತಾಗ ಸುತ್ತಿಗೆಯ ಒಂದೇಟು ಸಾಕು, ಬುದ್ಧಿ."

ಸಭೆ ಭಲೇ ಎಂದಿತು. ಶಾಲು ಹೊದಿಸಿ ಚೀಲ ಕೊಟ್ಟರು. ಕೇತ ಅದನ್ನು ಎದೆಗವಚಿಕೊಂಡು ಬಂದರಿಗೆ ಓಡಿದ.

ಹಡಗಿನ ಯಜಮಾನ ಚೀಲ ಬಿಚ್ಚಿ ನೋಡಿ ನಕ್ಕ. ನೂರೂ ಹೊಚ್ಚಹೊಸ ಕಂಚು, ಮೇಲೆ ಅರಸನ ಶಂಖದ ಮುದ್ರೆ.

"ನಾನು ಕೇಳಿದ್ದು ಬೆಳ್ಳಿ ಕಣಯ್ಯಾ. ನಿಮ್ಮರಸನ ಮುದ್ರೆ ಕೋಟೆಯೊಳಗೆ ದೊಡ್ಡದು. ತೂಗಿದರೆ ಇದು ಒಡೆದ ಒಂದು ಕೊಡದ ಬೆಲೆಯೂ ಬಾಳೋಲ್ಲ."

ಎರಡನೇ ಒಗಟಿಗೆ ಕೇತ ತನ್ನ ಬಾಯಿಂದಲೇ ಹೇಳಿ ಬಂದ ಉತ್ತರ ಅದು.

ಗಾಳಿ ಎದ್ದಿತು, ಹಡಗು ಹೊರಟಿತು. "ಅಣ್ಣಾ!" ಎಂಬ ಕೂಗು ಹುಟ್ಟಿನ ಸದ್ದಿನಲ್ಲಿ ಮುಳುಗಿತು.

ಅರಸ ಅಲ್ಲಿ ಸುಖವಾಗಿದ್ದ. ಕೇತ ಆ ಕಂಚನ್ನು ಕರಗಿಸಿ ಗಿಂಡಿ ಮಾಡಿ ಮಾರಿದ. ನಾವು ಇಲ್ಲಿ, ಯಾರು ಎಷ್ಟೇ ಕೊಡ್ತೀನೆಂದರೂ, ಯಾವ ನಾಣ್ಯವೆಂದು ಮೊದಲು ಕೇಳುತ್ತೇವೆ.